ಹಳೆಯ ಡೀಸೆಲ್ ಜೀಪಿನ ಇಂಧನ ವ್ಯವಸ್ಥೆ: ದೋಷ ಪತ್ತೆ ಮತ್ತು ಪಾಲನೆ

ಟ್ಯಾಂಕಿನಲ್ಲಿರುವ ಡೀಸೆಲನ್ನು ಎಳೆದು, ಸೋಸಿ, ಅಳೆದು, ಬೇಕಾದ ಕ್ಷಣಕ್ಕೆ ಭಾರಿ ಒತ್ತಡದಲ್ಲಿ ಸಿಲಿಂಡರಿನೊಳಕ್ಕೆ ಚಿಮ್ಮಿಸುವ ಏರ್ಪಾಡಿಗೆ ಡೀಸೆಲ್ ಇಂಧನ ವ್ಯವಸ್ಥೆ ಎನ್ನುತ್ತಾರೆ. ಕಂಪ್ಯೂಟರ್ ನಿಯಂತ್ರಿಸುವ ಕಾಮನ್ ರೈಲ್ ಬರುವ ಮುನ್ನ ತಯಾರಾದ ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಈ ಕೆಲಸವೆಲ್ಲ ಸ್ಪ್ರಿಂಗು, ಕ್ಯಾಮು, ಪ್ಲಂಜರುಗಳಿಂದಲೇ ನಡೆಯುತ್ತಿತ್ತು. ಹೊರದೇಶಗಳಲ್ಲಿ ಲ್ಯಾಂಡ್ ರೋವರ್, ಟೊಯೊಟಾ ಲ್ಯಾಂಡ್ ಕ್ರೂಸರ್‌ಗಳು ಈ ಗುಂಪಿಗೆ ಸೇರುತ್ತವೆ. ಕರ್ನಾಟಕದಲ್ಲಿ ಎದ್ದು ಕಾಣುವುದು ಮಹೀಂದ್ರ ಜೀಪು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ, ಕೊಡಚಾದ್ರಿ ಮತ್ತು ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಕಲ್ಲುದಾರಿಗಳಲ್ಲಿ ಅದು ಇಂದಿಗೂ ದುಡಿಯುತ್ತಿದೆ. ಈ ಲೇಖನ ಅದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದೆ. ಈ ವ್ಯವಸ್ಥೆಯನ್ನು ಕೆಡಿಸುವುದು ಮುಖ್ಯವಾಗಿ ಮೂರು: ಗಾಳಿ, ನೀರು, ಕೊಳೆ. ಆದರೂ ದೂರು ಹೋಗುವುದು ಪಂಪಿನ ಮೇಲೆಯೇ. ಚೆನ್ನಾಗಿದ್ದ ಪಂಪನ್ನು ಬಿಚ್ಚಿಸಿ ದುಡ್ಡು ಸುರಿದ ಮೇಲೆ ಹತ್ತು ರೂಪಾಯಿಯ ವಾಷರೇ ಕಾರಣವಾಗಿತ್ತೆಂದು ಗೊತ್ತಾಗುವುದು ಈ ಗಾಡಿಗಳ ಮಟ್ಟಿಗೆ ಸಾಮಾನ್ಯ ಸಂಗತಿ.

ಹಿನ್ನೆಲೆ

ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನಿನಲ್ಲಿ ಇಂಧನವನ್ನು ಒಳಗೆ ಊದಲು ಒತ್ತಿದ ಗಾಳಿ ಬಳಸುತ್ತಿದ್ದರು. ಅದಕ್ಕೆ ಬೇಕಾದ ದೊಡ್ಡ ಕಂಪ್ರೆಸರನ್ನು ಮೋಟಾರು ಗಾಡಿಯಲ್ಲಿ ಇಡುವುದು ಸಾಧ್ಯವಿರಲಿಲ್ಲ. ಜರ್ಮನಿಯ ರಾಬರ್ಟ್ ಬಾಷ್ ಸಂಸ್ಥೆ 1922ರಲ್ಲಿ ಕೆಲಸ ಆರಂಭಿಸಿ 1927ರಲ್ಲಿ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆಯೇ ಡೀಸೆಲ್ ಎಂಜಿನ್ ಲಾರಿ, ಕಾರುಗಳಲ್ಲಿ ವ್ಯಾಪಕವಾದದ್ದು. ಆ ಪಂಪು ಭಾರತಕ್ಕೆ ಬಂದು ನೆಲೆಸಿದ ಊರು ಬೆಂಗಳೂರು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಆಡುಗೋಡಿಯ ಕಾರ್ಖಾನೆಯಲ್ಲಿ ತಯಾರಿಸಿದ ಪಂಪುಗಳು ದೇಶದ ಲಾರಿ, ಟ್ರ್ಯಾಕ್ಟರ್, ಜೀಪುಗಳಿಗೆ ಹೋದವು. ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದಾಯಿತು. ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಮಾತ್ರ ಅದು ಈಗಲೂ ‘ಮೈಕೋ ಪಂಪ್’.

ಮಹೀಂದ್ರ ಜೀಪುಗಳು ಮೊದಲಿಗೆ ಪೆಟ್ರೋಲಿನವು. ಡೀಸೆಲಿಗೆ ಹೊರಳಿದ ಮೇಲೆ ಅವುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಎಂಜಿನ್ ಬಂದವು. ಒಂದು, ಫ್ರಾನ್ಸಿನ ಪ್ಯೂಜೋ ಕಂಪನಿಯಿಂದ ಪರವಾನಗಿ ಪಡೆದದ್ದು: 2112 ಸಿಸಿಯ ಎಕ್ಸ್‌ಡಿಪಿ 4.90, ಆಮೇಲೆ 2498 ಸಿಸಿಯ ಎಕ್ಸ್‌ಡಿ3ಪಿ. ಇವು ಪರೋಕ್ಷ ಇಂಜೆಕ್ಷನ್ ಎಂಜಿನ್‌ಗಳು. ಡೀಸೆಲ್ ಮೊದಲು ಸಿಲಿಂಡರ್ ಹೆಡ್ಡಿನಲ್ಲಿರುವ ಪುಟ್ಟ ಕೋಣೆಗೆ ಚಿಮ್ಮಿ, ಅಲ್ಲಿ ಉರಿ ಹತ್ತಿಕೊಂಡು, ಬಳಿಕ ಸಿಲಿಂಡರಿಗೆ ನುಗ್ಗುತ್ತದೆ. ಸದ್ದು ಕಡಿಮೆ, ಆದರೆ ಚಳಿಯಲ್ಲಿ ಹೀಟರ್ ಪ್ಲಗ್ ಇಲ್ಲದೆ ಸ್ಟಾರ್ಟ್ ಆಗುವುದು ಕಷ್ಟ. ಇನ್ನೊಂದು, ಟ್ರ್ಯಾಕ್ಟರ್ ಎಂಜಿನಿನ ವಂಶದ 2523 ಸಿಸಿಯ ಡಿಐ. ಇದರಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ತಲೆಯ ಬಟ್ಟಲಿಗೇ ಬೀಳುತ್ತದೆ. ಸದ್ದು ಹೆಚ್ಚು, ಮೈಲೇಜೂ ಹೆಚ್ಚು. ಬಜಾಜ್ ಟೆಂಪೋದ ಟ್ರ್ಯಾಕ್ಸ್ ಗಾಡಿಗಳಲ್ಲಿದ್ದ ಮರ್ಸಿಡಿಸ್ ಮೂಲದ 2399 ಸಿಸಿಯ ಓಎಂ616 ಕೂಡ ಪರೋಕ್ಷ ಇಂಜೆಕ್ಷನ್ನಿನದೇ. ಗಾಡಿಯಲ್ಲಿರುವುದು ಯಾವ ಬಗೆಯ ಎಂಜಿನ್ ಎಂದು ತಿಳಿಯದೆ ನಾಜಲ್, ಅಂದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ತುದಿ, ಕೊಳ್ಳಲು ಹೋಗಬಾರದು. ಪರೋಕ್ಷ ಬಗೆಗೆ ಒಂದೇ ರಂಧ್ರದ ಪಿಂಟಲ್ ನಾಜಲ್, ಡಿಐಗೆ ಹಲವು ಸೂಕ್ಷ್ಮ ರಂಧ್ರಗಳ ನಾಜಲ್.

ರಚನೆ

ವ್ಯವಸ್ಥೆಯನ್ನು ಎರಡು ಭಾಗವಾಗಿ ನೋಡಿದರೆ ಪತ್ತೆ ಸುಲಭ. ಟ್ಯಾಂಕು, ಎಳೆಯುವ ಪೈಪು, ಫೀಡ್ ಪಂಪು, ಫಿಲ್ಟರ್ ಇವು ಕಡಿಮೆ ಒತ್ತಡದ ಭಾಗ. ಇಂಜೆಕ್ಷನ್ ಪಂಪು, ಅದರಿಂದ ಹೊರಡುವ ಉಕ್ಕಿನ ಕೊಳವೆಗಳು, ಇಂಜೆಕ್ಟರ್‌ಗಳು ಅಧಿಕ ಒತ್ತಡದ ಭಾಗ. ಇಂಜೆಕ್ಟರಿನಲ್ಲಿ ಸೋರಿ ಉಳಿದದ್ದನ್ನು ತೆಳು ರಬ್ಬರ್ ಪೈಪುಗಳು ಟ್ಯಾಂಕಿಗೆ ವಾಪಸು ಒಯ್ಯುತ್ತವೆ.

ಪಂಪುಗಳಲ್ಲೂ ಎರಡು ಬಗೆ. ಇನ್‌ಲೈನ್ ಪಂಪಿನಲ್ಲಿ ಸಿಲಿಂಡರಿಗೊಂದರಂತೆ ಪ್ಲಂಜರು ಮತ್ತು ಬ್ಯಾರೆಲಿನ ಜೋಡಿ ಇರುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಎಲಿಮೆಂಟ್ ಎನ್ನುತ್ತಾರೆ. ಇದರ ಕ್ಯಾಮ್ ಕೋಣೆಗೆ ಎಂಜಿನ್ ಆಯಿಲ್ ಸಿಗುತ್ತದೆ. ರೋಟರಿ ಪಂಪಿನಲ್ಲಿ ಒಂದೇ ಕಡೆ ಒತ್ತಡ ಹುಟ್ಟಿ, ಸರದಿಯಂತೆ ಎಲ್ಲ ಸಿಲಿಂಡರಿಗೂ ಹಂಚಿಕೆಯಾಗುತ್ತದೆ. ಬಾಷ್‌ನ ವಿಇ ಪಂಪು ಈ ಬಗೆಯದು. ಅದರ ಒಳಗಿನ ಭಾಗಗಳಿಗೆಲ್ಲ ಡೀಸೆಲ್ಲೇ ಎಣ್ಣೆ. ನೀರು ಬೆರೆತ ಡೀಸೆಲ್ ಇನ್‌ಲೈನ್ ಪಂಪನ್ನು ಮೆಲ್ಲಗೆ ಕೊಂದರೆ, ರೋಟರಿ ಪಂಪನ್ನು ಬೇಗ ಕೊಲ್ಲುತ್ತದೆ.

ಅಳತೆಗಳ ಸೂಕ್ಷ್ಮತೆ ಮನಸ್ಸಿಗಿಳಿಯದೆ ಇಲ್ಲಿ ಶುಚಿತ್ವದ ಬೆಲೆ ತಿಳಿಯುವುದಿಲ್ಲ. ಪ್ಲಂಜರಿಗೂ ಬ್ಯಾರೆಲಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲು ಮಾತ್ರ. ಅವನ್ನು ಜೋಡಿಯಾಗಿಯೇ ಉಜ್ಜಿ ಕೂರಿಸಿರುತ್ತಾರೆ. ಒಂದರ ಪ್ಲಂಜರನ್ನು ಇನ್ನೊಂದರ ಬ್ಯಾರೆಲಿಗೆ ಹಾಕುವಂತಿಲ್ಲ. 2112 ಸಿಸಿಯಂಥ ಎಂಜಿನಿನಲ್ಲಿ ಪೂರ್ತಿ ಭಾರ ಎಳೆಯುವಾಗಲೂ ಒಂದು ಸಲಕ್ಕೆ ಒಂದು ಸಿಲಿಂಡರಿಗೆ ಹೋಗುವ ಡೀಸೆಲ್ ಸುಮಾರು 30 ಘನ ಮಿಲಿಮೀಟರ್, ಅಂದರೆ ಒಂದು ಹನಿಗಿಂತ ಕಡಿಮೆ. ಎಂಜಿನ್ ನಿಮಿಷಕ್ಕೆ 2000 ಸುತ್ತು ಸುತ್ತುವಾಗ ಪ್ರತಿ ಇಂಜೆಕ್ಟರೂ ಆ ಅರೆಹನಿಯನ್ನು ನಿಮಿಷಕ್ಕೆ ಸಾವಿರ ಸಲ ಚಿಮ್ಮಿಸಬೇಕು, ಪ್ರತಿ ಸಲವೂ ಅದೇ ಅಳತೆ, ಅದೇ ಕ್ಷಣ.

ದೋಷ ಪತ್ತೆ: ಗಾಳಿ

ಮಲೆನಾಡಿನ ಗ್ಯಾರೇಜುಗಳಲ್ಲಿ ಹೆಚ್ಚಾಗಿ ಕೇಳುವ ದೂರು ಇದು: ರಾತ್ರಿ ನಿಲ್ಲಿಸಿದ ಜೀಪು ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ, ತುಂಬಾ ಹೊತ್ತು ಸೆಲ್ಫ್ ಹೊಡೆದರೆ ಹಿಡಿದುಕೊಳ್ಳುತ್ತದೆ, ಆಮೇಲೆ ಇಡೀ ದಿನ ಸರಿಯಾಗಿ ಓಡುತ್ತದೆ. ಪಂಪು ಸವೆದಿದೆ ಎಂದು ಇದಕ್ಕೆ ತೀರ್ಪು ಕೊಡುವವರು ಬಹಳ. ಆದರೆ ಮೊದಲು ಅನುಮಾನಿಸಬೇಕಾದದ್ದು ಗಾಳಿಯನ್ನು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ ಹೋಗುವುದು ಎಳೆತದಿಂದ. ಅಲ್ಲೊಂದು ಸಣ್ಣ ಬಿರುಕಿದ್ದರೆ ಓಡುವಾಗ ಹೊರಗೆ ಒಂದು ತೊಟ್ಟೂ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ತೂತಾದ ಸ್ಟ್ರಾದಲ್ಲಿ ಎಳನೀರು ಕುಡಿದಂತೆ. ಗಾಡಿ ನಿಂತ ಮೇಲೆ ಆ ಗಾಳಿಯೇ ದಾರಿ ಬಿಟ್ಟುಕೊಟ್ಟು, ಪೈಪಿನ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದುಬಿಡುತ್ತದೆ. ಬೆಳಿಗ್ಗೆ ಪಂಪಿನ ಪ್ಲಂಜರು ಒತ್ತುವುದು ಗಾಳಿಯನ್ನು. ಗಾಳಿ ಕುಗ್ಗುತ್ತದೆ, ಒತ್ತಡ ಏರುವುದಿಲ್ಲ, ನಾಜಲ್ ತೆರೆಯುವುದಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ದುಬಾರಿ ಉಪಕರಣವೇನೂ ಬೇಡ. ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪಿನ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಪೈಪು ಹಾಕಿ ಎಂಜಿನ್ ಓಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಮುಂದಿನ ಹೆಜ್ಜೆ ಕ್ಯಾನಿನ ಪರೀಕ್ಷೆ. ಶುದ್ಧ ಡೀಸೆಲ್ ತುಂಬಿದ ಕ್ಯಾನೊಂದನ್ನು ಬಾನೆಟ್ಟಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಅದರಿಂದ ನೇರ ಫೀಡ್ ಪಂಪಿಗೆ ಪೈಪು ಕೊಡಬೇಕು. ವಾಪಸು ಬರುವ ಪೈಪನ್ನೂ ಅದೇ ಕ್ಯಾನಿಗೆ ಬಿಡಬೇಕು. ಈಗ ಎಂಜಿನ್ ಚೆನ್ನಾಗಿ ಓಡಿದರೆ ಪಂಪು, ನಾಜಲ್‌ಗಳ ಮೇಲಿನ ಆರೋಪ ಬಿದ್ದುಹೋಯಿತು; ದೋಷ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಇದೆ. ಅರ್ಧ ಗಂಟೆಯ ಕೆಲಸ. ಪಂಪು ಇಳಿಸುವ ಮಾತಾಡುವ ಯಾವ ಮೆಕ್ಯಾನಿಕ್ಕಿಗೂ ಮೊದಲು ಈ ಪರೀಕ್ಷೆ ಮಾಡಿ ತೋರಿಸಲು ಹೇಳುವುದು ಗಾಡಿಯವರ ಹಕ್ಕು.

ಗಾಳಿ ನುಗ್ಗುವ ಜಾಗಗಳು ಹೆಚ್ಚು ಕಡಿಮೆ ಗೊತ್ತಿರುವಂಥವೇ: ಒಣಗಿ ಬಿರಿದ ರಬ್ಬರ್ ಹೋಸು, ಚಾಸಿಗೆ ಉಜ್ಜಿ ಸವೆದ ಕೊಳವೆ, ಫಿಲ್ಟರ್ ಬೌಲಿನ ಸೀಲು, ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರು, ಫೀಡ್ ಪಂಪಿನ ಹ್ಯಾಂಡ್ ಪ್ರೈಮರು. ಪ್ರೈಮರಿನ ಒಳಗಿನ ಸೀಲು ಸವೆದಿದ್ದರೂ ಹೊರನೋಟಕ್ಕೆ ಏನೂ ಗೊತ್ತಾಗದು. ಅದರ ಸುತ್ತ ಸದಾ ತೇವವಿದ್ದರೆ ಬದಲಿಸುವುದೇ ಲೇಸು. ತಾಮ್ರದ ವಾಷರನ್ನು ಒಂದು ಸಲ ಬಿಗಿದು ಬಿಚ್ಚಿದರೆ ಅದು ಗಟ್ಟಿಯಾಗುತ್ತದೆ, ಮತ್ತೆ ಕೂರುವುದಿಲ್ಲ. ಹೊಸತು ಹಾಕಬೇಕು, ಇಲ್ಲವೇ ಕೆಂಪಗೆ ಕಾಯಿಸಿ ಮೃದುಮಾಡಿಕೊಳ್ಳಬೇಕು.

ಗಾಳಿ ತೆಗೆಯುವ ಕ್ರಮ ಹೀಗೆ. ಫಿಲ್ಟರಿನ ಮೇಲಿರುವ ಬ್ಲೀಡ್ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ ಹ್ಯಾಂಡ್ ಪ್ರೈಮರ್ ಒತ್ತುತ್ತಾ ಹೋದರೆ ಮೊದಲು ಬುಸ್ಸೆನ್ನುವ ಗಾಳಿ, ಆಮೇಲೆ ಬಿಳಿ ನೊರೆ, ಕೊನೆಗೆ ಗುಳ್ಳೆಯಿಲ್ಲದ ತಿಳಿ ಡೀಸೆಲ್ ಬರುತ್ತದೆ. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಒತ್ತುವುದನ್ನು ನಿಲ್ಲಿಸಿ ಬಿಗಿದರೆ ಗಾಳಿ ಮತ್ತೆ ಒಳಗೆ. ಇನ್‌ಲೈನ್ ಪಂಪಿನ ಮೈಮೇಲಿನ ಬ್ಲೀಡ್ ಸ್ಕ್ರೂವಿನಲ್ಲೂ ಇದೇ ಕೆಲಸ. ಅದಾದ ಮೇಲೆ ಇಂಜೆಕ್ಟರುಗಳ ಕಡೆಯ ಯೂನಿಯನ್ ನಟ್ಟುಗಳನ್ನು ಒಂದೊಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದರೆ ಡೀಸೆಲ್ ಚಿಟ್ ಚಿಟ್ ಎಂದು ಹಾರುತ್ತದೆ. ಆಗ ನಟ್ಟು ಬಿಗಿದರಾಯಿತು. ಒಂದು ಸಲಕ್ಕೆ 15 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯುವುದು ಬೇಡ. ಸ್ಟಾರ್ಟರ್ ಮೋಟಾರು ಸುಟ್ಟೀತು.

ಕಡಿದಾದ ದಾರಿಯ ಗಾಡಿಗಳಿಗೆ ಇನ್ನೊಂದು ತೊಂದರೆ ಇದೆ. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆಯಿದ್ದಾಗ ಏರು ಅಥವಾ ಓರೆಯಲ್ಲಿ ಅದು ಒಂದು ಮೂಲೆಗೆ ಸರಿದು, ಎಳೆಯುವ ಕೊಳವೆಯ ಬಾಯಿ ಬರಿದಾಗುತ್ತದೆ. ಘಾಟಿಯ ನಡುವೆ ಎಂಜಿನ್ ನಿಂತು ಏರ್ ತೆಗೆದುಕೊಂಡಿತು ಎಂದರೆ ಕಾರಣ ಹಲವು ಸಲ ಇಷ್ಟೇ. ಬೆಟ್ಟ ಹತ್ತುವ ಮುನ್ನ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ.

ನೀರು ಮತ್ತು ಕೊಳೆ

ಮಳೆಗಾಲದ ಮಲೆನಾಡಿನಲ್ಲಿ ಗಾಳಿಯೇ ಒದ್ದೆ. ಅರ್ಧ ಖಾಲಿಯಿರುವ ಟ್ಯಾಂಕಿನ ಒಳಮೈ ರಾತ್ರಿ ತಣ್ಣಗಾದಾಗ ಆ ತೇವ ಹನಿಗಟ್ಟಿ, ಡೀಸೆಲಿಗಿಂತ ಭಾರವಾದ್ದರಿಂದ ತಳ ಸೇರುತ್ತದೆ. ಹಳ್ಳ ದಾಟುವಾಗ ಬಿಸಿಯಾದ ಟ್ಯಾಂಕು ಥಟ್ಟನೆ ತಣಿದರೆ ಅದಕ್ಕೆ ಗಾಳಿಯಾಡಲು ಇರುವ ಬ್ರೀದರ್ ಪೈಪು ನೀರನ್ನು ಒಳಕ್ಕೆ ಎಳೆದುಕೊಳ್ಳುವುದೂ ಉಂಟು. ಆ ಪೈಪಿನ ತುದಿಯನ್ನು ಎತ್ತರಕ್ಕೆ ಒಯ್ದು ಕಟ್ಟಬೇಕು. ಬ್ರೀದರ್ ಮುಚ್ಚಿಹೋದರೆ ಅದರ ಕಾಟವೇ ಬೇರೆ. ಗಾಡಿ ಕೆಲವು ಮೈಲಿ ಚೆನ್ನಾಗಿ ಓಡಿ ಆಮೇಲೆ ಎಳೆತ ಕಳೆದುಕೊಳ್ಳುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದಾಗ ಉಸಿರೆಳೆದ ಸದ್ದು ಬಂದು ಮತ್ತೆ ಓಡತೊಡಗಿದರೆ ರೋಗ ಸಿಕ್ಕಿತು.

ನೀರು ನಿಂತಲ್ಲಿ ಜೀವವೂ ಹುಟ್ಟುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಪದರದಲ್ಲಿ ಬೆಳೆಯುವ ಬೂಸ್ಟು, ಬ್ಯಾಕ್ಟೀರಿಯಾಗಳು ಕಪ್ಪು ಲೋಳೆಯಾಗಿ ಫಿಲ್ಟರನ್ನು ಕಟ್ಟಿಬಿಡುತ್ತವೆ. ಹೊಸ ಫಿಲ್ಟರ್ ಹಾಕಿದ ವಾರಕ್ಕೇ ಮತ್ತೆ ಎಳೆತ ಇಲ್ಲ ಎಂದಾದರೆ, ತೆಗೆದ ಫಿಲ್ಟರಿನಲ್ಲಿ ಈ ಲೋಳೆ ಇದೆಯೇ ನೋಡಬೇಕು. ಇದ್ದರೆ ಟ್ಯಾಂಕು ಇಳಿಸಿ ತೊಳೆಯದೆ ಬೇರೆ ದಾರಿಯಿಲ್ಲ. ತೋಟಗಳಲ್ಲಿ 200 ಲೀಟರಿನ ಡ್ರಮ್ಮಿನಲ್ಲಿ ಡೀಸೆಲ್ ಇಡುವ ರೂಢಿ ಇದೆ. ನಿಲ್ಲಿಸಿದ ಡ್ರಮ್ಮಿನ ತಲೆಯ ಮೇಲೆ ನಿಂತ ಮಳೆನೀರು ಮುಚ್ಚಳದ ಸಂದಿನಿಂದ ಒಳಗಿಳಿಯುತ್ತದೆ. ಡ್ರಮ್ಮು ಮಾಡಿನಡಿ ಇರಬೇಕು, ತುಂಬಿದ ಮೇಲೆ ಒಂದು ದಿನ ಅಲುಗದೆ ತಿಳಿಯಾಗಬೇಕು, ಎಳೆಯುವ ಪೈಪು ತಳದಿಂದ ನಾಲ್ಕು ಬೆರಳು ಮೇಲಿರಬೇಕು. ತಳದಲ್ಲಿ ಉಳಿದದ್ದನ್ನು ಎಂಜಿನಿಗೆ ಹಾಕಲೇಬಾರದು.

ಫಿಲ್ಟರಿನ ಕೆಳಗಿನ ಡ್ರೇನ್ ಸ್ಕ್ರೂವನ್ನು ವಾರಕ್ಕೊಮ್ಮೆ ಬಿಚ್ಚಿ ಗಾಜಿನ ಬಾಟಲಿಗೆ ಒಂದಿಷ್ಟು ಹಿಡಿದು ನೋಡಿದರೆ ನೀರಿನ ಗೆರೆ ಕಾಣುತ್ತದೆ. ಈ ಎಲ್ಲ ಪಾಲನೆಯಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ಆರಿಸಬೇಕಾದದ್ದು ಇದನ್ನೇ. ಹಳೆಯ ಜೋಡಿ ಫಿಲ್ಟರಿನ ಮೊದಲನೆಯದು ಫೆಲ್ಟ್ ಬಟ್ಟೆಯದಾಗಿದ್ದರೆ ತೊಳೆದು ಮತ್ತೆ ಹಾಕಬಹುದು. ಎರಡನೆಯ ಕಾಗದದ್ದನ್ನು ಬದಲಿಸಲೇಬೇಕು. ಸುಮಾರು 10,000 ಕಿಲೋಮೀಟರಿಗೆ ಒಮ್ಮೆ ಎಂಬುದು ಸಾಮಾನ್ಯ ಲೆಕ್ಕವಾದರೂ ತೋಟದ ಗಾಡಿಗೆ ಮಳೆಗಾಲದ ಮುಂಚೆ ಒಂದು, ಮುಗಿದ ಮೇಲೆ ಒಂದು ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಫೀಡ್ ಪಂಪಿನ ಬಾಯಲ್ಲಿರುವ ಪುಟ್ಟ ಜಾಲರಿಯನ್ನು ಮರೆಯುವವರೇ ಹೆಚ್ಚು.

ಹೊಗೆ ಹೇಳುವುದು

ಕಪ್ಪು ಹೊಗೆ ಎಂದರೆ ಇಂಧನಕ್ಕೆ ತಕ್ಕಷ್ಟು ಗಾಳಿ ಇಲ್ಲ. ಪಂಪು ಮುಟ್ಟುವ ಮೊದಲು ಏರ್ ಫಿಲ್ಟರ್ ನೋಡಬೇಕು. ಆಯಿಲ್ ಬಾತ್ ಬಗೆಯದಾದರೆ ತಳದ ಕೆಸರು ತೆಗೆದು ಹೊಸ ಆಯಿಲ್ ಹಾಕಬೇಕು. ಆಮೇಲಿನ ಅನುಮಾನ ತೊಟ್ಟಿಕ್ಕುವ ನಾಜಲ್ ಮೇಲೆ. ಕಣ್ಣುರಿಸುವ, ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಎಂದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ: ಹೀಟರ್ ಪ್ಲಗ್ ಸತ್ತಿರಬಹುದು, ಟೈಮಿಂಗ್ ತಡವಾಗಿರಬಹುದು, ಕಂಪ್ರೆಷನ್ ಇಳಿದಿರಬಹುದು. ವಾಸನೆಯಿಲ್ಲದ ಬಿಳಿ ಹಬೆ ಹೆಡ್ ಗ್ಯಾಸ್ಕೆಟ್ಟಿನ ಕಡೆಗೆ ಬೆರಳು ಮಾಡುತ್ತದೆ. ನೀಲಿ ಹೊಗೆ ಎಂಜಿನ್ ಆಯಿಲಿನದು.

ಹೀಟರ್ ಪ್ಲಗ್ ಪರೀಕ್ಷೆ ಸುಲಭ. ಪ್ಲಗ್ಗುಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ, ಬ್ಯಾಟರಿಯ ಪ್ಲಸ್‌ನಿಂದ ಬಲ್ಬಿನ ಮೂಲಕ ಒಂದೊಂದು ಪ್ಲಗ್ಗಿನ ತಲೆ ಮುಟ್ಟಿಸಬೇಕು. ಬಲ್ಬ್ ಉರಿಯದಿದ್ದರೆ ಆ ಪ್ಲಗ್ ಹೋಗಿದೆ.

ನಾಜಲ್ ಮತ್ತು ಪಂಪು

ಒಂದು ಸಿಲಿಂಡರ್ ಮಿಸ್ಸಿಂಗ್ ಇದ್ದರೆ, ಐಡ್ಲಿಂಗಿನಲ್ಲಿ ಇಂಜೆಕ್ಟರುಗಳ ಯೂನಿಯನ್ ನಟ್ಟನ್ನು ಒಂದೊಂದಾಗಿ ಸಡಿಲಿಸಿ ಎಂಜಿನ್ನಿನ ಸದ್ದು ಕೇಳಬೇಕು. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ದೋಷ ಅಲ್ಲಿದೆ. ಆ ಇಂಜೆಕ್ಟರನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿದಾಗ ದೋಷವೂ ಜೊತೆಗೆ ಹೋದರೆ ನಾಜಲ್ಲೇ ಕಾರಣ. ಅಲ್ಲೇ ಉಳಿದರೆ ಕಂಪ್ರೆಷನ್ ಅಥವಾ ಪಂಪಿನ ಆ ಎಲಿಮೆಂಟ್. ಈ ಕೆಲಸದಲ್ಲಿ ಕೈಗೆ ಕೈಗವಸು, ಕಣ್ಣಿಗೆ ಕನ್ನಡಕ ಇರಲೇಬೇಕು. ನಾಜಲ್ಲಿನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೊಕ್ಕರೆ ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಕಾಣಬಹುದು, ಒಳಗೆ ಮಾಂಸ ಕೊಳೆಯತೊಡಗುತ್ತದೆ, ಬೆರಳು ಕಳೆದುಕೊಂಡವರಿದ್ದಾರೆ. ನೋವಿಲ್ಲದಿದ್ದರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಕಾಮನ್ ರೈಲ್ ಗಾಡಿಯಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಅಲ್ಲಿ ಹೀಗೆ ನಟ್ಟು ಸಡಿಲಿಸುವ ಯೋಚನೆಯನ್ನೂ ಮಾಡಬಾರದು.

ನಾಜಲ್ ಪರೀಕ್ಷೆ ಪಂಪ್ ರೂಮಿನ, ಅಂದರೆ ಪಂಪು, ನಾಜಲ್ ರಿಪೇರಿಗೆಂದೇ ಇರುವ ವರ್ಕ್‌ಶಾಪಿನ ಕೆಲಸ. ಕೈ ಸನ್ನೆಯ ಟೆಸ್ಟರಿಗೆ ಇಂಜೆಕ್ಟರ್ ಸಿಕ್ಕಿಸಿ ಒತ್ತಿದಾಗ ನಿಗದಿತ ಒತ್ತಡಕ್ಕೆ ತೆರೆಯಬೇಕು. ಪರೋಕ್ಷ ಬಗೆಯಲ್ಲಿ ಅದು ಸಾಮಾನ್ಯವಾಗಿ 115ರಿಂದ 150 ಬಾರ್, ಡಿಐಯಲ್ಲಿ 200 ಬಾರ್‌ಗೂ ಮೇಲೆ; ನಿಖರ ಅಂಕಿಯನ್ನು ಆಯಾ ಎಂಜಿನಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಚೆನ್ನಾಗಿರುವ ನಾಜಲ್ ಕರ್ರ್ ಎಂದು ಸದ್ದು ಮಾಡುತ್ತಾ ಮಂಜಿನಂತೆ ನುಣ್ಣಗೆ ಚಿಮ್ಮುತ್ತದೆ, ಒತ್ತುವುದು ನಿಂತ ಮೇಲೆ ತುದಿ ಒಣಗಿರುತ್ತದೆ. ಎಳೆ ಎಳೆಯಾಗಿ ಬಿದ್ದರೆ, ತುದಿಯಲ್ಲಿ ಹನಿ ನಿಂತರೆ ಅದು ಕೆಟ್ಟಿದೆ. ಒತ್ತಡ ಮಾತ್ರ ತಗ್ಗಿದ್ದರೆ ಸ್ಪ್ರಿಂಗಿನ ಹಿಂದೆ ಶಿಮ್ ಸೇರಿಸಿ ಸರಿಪಡಿಸುತ್ತಾರೆ, 0.1 ಮಿಲಿಮೀಟರ್ ಶಿಮ್ಮಿಗೆ ಸುಮಾರು 10 ಬಾರ್ ಏರುತ್ತದೆ. ಇಂಜೆಕ್ಟರನ್ನು ಮತ್ತೆ ಕೂರಿಸುವಾಗ ಅದರ ಬುಡದ ಹಳೆಯ ವಾಷರ್ ತೆಗೆದು ಹೊಸತು ಹಾಕಬೇಕು. ಒಂದರ ಮೇಲೊಂದು ಎರಡು ಕೂತರೆ ನಾಜಲ್ಲಿನ ತುದಿ ತಪ್ಪಿದ ಜಾಗದಲ್ಲಿ ನಿಲ್ಲುತ್ತದೆ.

ಇಷ್ಟೆಲ್ಲ ಮುಗಿದ ಮೇಲೂ ಗಾಡಿ ಬಿಸಿಯಾದಾಗ ಸ್ಟಾರ್ಟ್ ಆಗದಿದ್ದರೆ, ಏರಿನಲ್ಲಿ ಎಳೆತ ಇಲ್ಲದಿದ್ದರೆ, ಆಗ ಪಂಪು. ಸವೆದ ಪ್ಲಂಜರಿನ ಸಂದಿನಲ್ಲಿ ಬಿಸಿಗೆ ತೆಳುವಾದ ಡೀಸೆಲ್ ಜಾರಿಬಿಡುತ್ತದೆ. ತಣ್ಣಗಿದ್ದಾಗ ಚೆನ್ನಾಗಿ ಹೊತ್ತಿಕೊಂಡು ಬಿಸಿಯಾದಾಗ ಹಟ ಹಿಡಿಯುವುದು ಇದರ ಗುರುತು. ಇಳಿಸುವ ಮುನ್ನ ಪಂಪಿನ ಫ್ಲಾಂಜಿಗೂ ಎಂಜಿನಿಗೂ ಸೇರಿಸಿ ಗೆರೆ ಗೀಚಿಕೊಳ್ಳಬೇಕು, ಸುತ್ತಲ ಕೊಳೆಯನ್ನು ಪೂರ್ತಿ ತೊಳೆದು, ತೆರೆದ ಬಾಯಿಗಳನ್ನೆಲ್ಲ ಮುಚ್ಚಬೇಕು. ಟೆಸ್ಟ್ ಬೆಂಚಿನ ಮೇಲೆ ಪ್ರತಿ ಸಿಲಿಂಡರಿನ ಅಳತೆಯನ್ನೂ ಸಮ ಮಾಡುವುದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ಬೆಂಚಿಲ್ಲದೆ ಪಂಪಿನ ಸೀಲು ಒಡೆದು ಡೀಸೆಲ್ ಏರಿಸಿಕೊಡುವವರ ಕೈಗೆ ಗಾಡಿ ಕೊಡಬಾರದು. ಎರಡು ದಿನ ಪಿಕಪ್ ಹೆಚ್ಚಿದಂತೆ ಅನ್ನಿಸಿ, ಆಮೇಲೆ ಉಳಿಯುವುದು ಕಪ್ಪು ಹೊಗೆ ಮತ್ತು ಸುಟ್ಟ ಪಿಸ್ಟನ್.

ಆಯಿಲ್ ಡಿಪ್‌ಸ್ಟಿಕ್ಕನ್ನು ಕಡೆಗಣಿಸಬಾರದು. ಎಂಜಿನಿಗೆ ಕೂರಿಸಿದ ಫೀಡ್ ಪಂಪಿನ ಡಯಾಫ್ರಮ್ ಅಥವಾ ಸೀಲು ಹರಿದರೆ ಡೀಸೆಲ್ ಎಂಜಿನಿನ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿಯುತ್ತದೆ. ಆಯಿಲಿನ ಮಟ್ಟ ತಾನಾಗಿ ಏರುತ್ತಿದ್ದು, ಮೂಸಿದರೆ ಡೀಸೆಲ್ ನಾತ ಬಂದರೆ ಗಾಡಿ ಅಲ್ಲೇ ನಿಲ್ಲಲಿ. ತೆಳುವಾದ ಆಯಿಲ್ ಬೇರಿಂಗುಗಳನ್ನು ತಿನ್ನುತ್ತದೆ. ಏರಿದ ಆಯಿಲ್ ಸಿಲಿಂಡರಿಗೆ ನುಗ್ಗಿದರೆ ಎಂಜಿನ್ ಅದನ್ನೇ ಇಂಧನವಾಗಿ ಉರಿಸಿ ಹಿಡಿತ ತಪ್ಪಿ ಓಡಬಹುದು, ಆಗ ಸ್ಟಾಪ್ ಕೇಬಲ್ ಎಳೆದರೂ ನಿಲ್ಲದು. ದೊಡ್ಡ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಡುವುದೇ ಚಾಲಕನಿಗಿರುವ ದಾರಿ.

ಇಂದಿನ ಡೀಸೆಲ್

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್ 6 ಡೀಸೆಲ್ ಬಂತು. ಅದರಲ್ಲಿ ಗಂಧಕ 10 ಪಿಪಿಎಂ ಮೀರುವಂತಿಲ್ಲ. ಈ ಜೀಪುಗಳು ಹುಟ್ಟಿದ ಕಾಲದ ಡೀಸೆಲಿನಲ್ಲಿ ಗಂಧಕ ಅದರ ನೂರಾರು ಪಟ್ಟಿತ್ತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲಿನ ಸ್ವಾಭಾವಿಕ ಜಾರುಗುಣವೂ ಕುಗ್ಗುತ್ತದೆ. ಅದನ್ನು ತುಂಬಲು ರಿಫೈನರಿಯಲ್ಲೇ ರಾಸಾಯನಿಕ ಬೆರೆಸುತ್ತಾರೆ, ಆದ್ದರಿಂದ ಬಂಕಿನ ಡೀಸೆಲಿಗೆ ಪಂಪು ಹಾಳಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಸೀಮೆಎಣ್ಣೆ ಬೆರೆತದ್ದು ಖಂಡಿತ ಹಾಳುಮಾಡುತ್ತದೆ. ಹಳೆಯ ರಬ್ಬರ್ ಸೀಲುಗಳು ಮಾತ್ರ ಹೊಸ ಡೀಸೆಲಿಗೆ ಕುಗ್ಗಿ ಸೋರಬಹುದು. 1993ರಲ್ಲಿ ಅಮೆರಿಕದಲ್ಲಿ ಗಂಧಕ ಇಳಿಸಿದಾಗಲೂ ಹೀಗಾಗಿತ್ತು. ಸೀಲಿನ ಕಿಟ್ ಬದಲಿಸಿದರೆ ತೊಂದರೆ ಮುಗಿಯುತ್ತದೆ. ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ತಯಾರಿಸುವ ಕೆಲಸ ಹಾಸನ ಮೊದಲಾದ ಕಡೆ ನಡೆದಿದೆ. ಸಂಸ್ಕರಿಸಿದ ಬಯೋಡೀಸೆಲನ್ನು ಸ್ವಲ್ಪ ಬೆರೆಸಿದರೆ ಜಾರುಗುಣ ಹೆಚ್ಚುತ್ತದೆ. ಗಾಣದಿಂದ ಬಂದ ಹಸಿ ಎಣ್ಣೆಯನ್ನು ಹಾಗೆಯೇ ಸುರಿದರೆ ಅದು ಗಟ್ಟಿಯಾದ್ದರಿಂದ ನಾಜಲ್ಲುಗಳಿಗೆ ಮಸಿ ಕಟ್ಟುತ್ತದೆ.

ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಣಕ್ಕೆ ಹೊಗೆ ಪರೀಕ್ಷೆಯೂ ದಾಟಬೇಕು. ಬಿಎಸ್ 4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ ಹೊಗೆಯ ಮಿತಿ 65 ಹಾರ್ಟ್‌ರಿಡ್ಜ್ ಯೂನಿಟ್. ನಾಜಲ್, ಏರ್ ಫಿಲ್ಟರ್, ಟೈಮಿಂಗ್ ಸರಿಯಿದ್ದರೆ ಮೂವತ್ತು ವರ್ಷದ ಎಂಜಿನ್ನಿಗೂ ಇದು ಕಷ್ಟವಲ್ಲ. ಯಾಂತ್ರಿಕ ಪಂಪು ಬಲ್ಲ ಪಂಪ್ ರೂಮುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಪಂಪು, ನಾಜಲ್ ರಿಪೇರಿ ಮಾಡಿಸಿದಾಗ ತೆರೆಯುವ ಒತ್ತಡ, ಪ್ರತಿ ಸಿಲಿಂಡರಿನ ಅಳತೆ, ಹಾಕಿದ ನಾಜಲ್ ಮತ್ತು ಎಲಿಮೆಂಟಿನ ನಂಬರು ಬರೆದ ಚೀಟಿಯನ್ನು ಕೇಳಿ ಪಡೆದು ಆರ್‌ಸಿ ಪುಸ್ತಕದ ಜೊತೆ ಇಡಿ. ಮುಂದೆ ಆ ಗಾಡಿಗೆ ಕೈ ಹಾಕುವ ಮೆಕ್ಯಾನಿಕ್ಕಿಗೆ ಮೊದಲು ಬೇಕಾಗುವುದು ಅದೇ.